ದೊಡ್ಡಣ್ಣನ ಬಾಲ

ನಮ್ಮ ವರ್ಕ್‌ಶಾಪು ಮಸ್ಕತ್ತಿನ ವಾದಿ ಕಬೀರಿನಿಂದ ಗಂಟುಮೂಟೆ ಕಟ್ಟುತ್ತಿದೆ. ಅಲ್ ಮವಾಲೇಹಿನ ಆಚೆ ಎಲ್ಲೋ ಹೊಸ ಶೆಡ್ಡು ಕಟ್ಟಿದ್ದಾರಂತೆ. ನಾನು ನೋಡಿಲ್ಲ, ನೋಡುವ ಉಮೇದೂ ಉಳಿದಿಲ್ಲ. ಅಲ್ಲಿ ಹೋಗಿ ಕೂರುವವರು ಬೇರೆ, ನನ್ನ ವೀಸಾ ಮುಂದಿನ ತಿಂಗಳಿಗೆ ಖಲಾಸ್. ಹಾಗಾಗಿ ನನಗೆ ವಹಿಸಿರುವುದು ಹಳೇ ಸ್ಟೋರಿನಲ್ಲಿ ನಿಂತು, ಯಾವುದು ಲಾರಿಗೆ, ಯಾವುದು ಕಸಕ್ಕೆ ಎಂದು ಬೆರಳು ತೋರಿಸುವ ಕೆಲಸ. ಹಳೇ ಸಾಮಾನನ್ನು ಹಳಬನೇ ಗುರುತಿಸಲಿ ಎಂಬ ಉದ್ದೇಶವಿರಬೇಕು. ಬೆಳಿಗ್ಗೆ ಏಳರಿಂದ ಬೆರಳು ತೋರಿಸಿ ತೋರಿಸಿ ತೋಳು ನೋಯುತ್ತಿದೆ. ನಗಬೇಡಿ, ಐವತ್ತೊಂಬತ್ತು ತುಂಬಿದಾಗ ನಿಮಗೂ ಗೊತ್ತಾಗುತ್ತದೆ.

ಹನ್ನೊಂದರ ಹೊತ್ತಿಗೆ ಕೊನೆಯ ರ‍್ಯಾಕನ್ನು ಗೋಡೆಯಿಂದ ಎಳೆದಾಗ ಒಂದು ವಾಸನೆ ಬಂತು. ಮೊದಲು ಅಂಟಿನದು, ಅದರ ಬೆನ್ನಿಗೇ ಹಳಸಿದ ರಬ್ಬರಿನದು. ಎಸಿ ಪೈಪುಗಳಿಗೆ ಕಪ್ಪು ರಬ್ಬರಿನ ಹಾಳೆ ಸುತ್ತಿರುತ್ತಾರಲ್ಲ, ದೊಡ್ಡ ಕಟ್ಟಡಗಳ ಟೆರೇಸಿನಲ್ಲಿ ನೀವೂ ನೋಡಿರುತ್ತೀರಿ, ಅದರ ವಾಸನೆ. ನನಗದು ಹೊಸದೇನಲ್ಲ. ಮೂವತ್ತು ವರ್ಷದಿಂದ ನನ್ನ ಅಂಗಿಗಳಲ್ಲಿ ಸೇರಿಕೊಂಡಿದೆ. ನನ್ನ ಹೆಂಡತಿ ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಆದರೆ ಆ ರ‍್ಯಾಕಿನ ಹಿಂದಿನಿಂದ ಬಂದದ್ದು ಮೂಗಿಗೆ ತಾಗಿದ್ದೇ ನಾನು ಎಳೆಯುವುದನ್ನು ನಿಲ್ಲಿಸಿದೆ. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಅದನ್ನು ಅಲ್ಲಿ ತುರುಕಿದವನು ನಾನೇ.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬಾಲ. ಆರಡಿ ಉದ್ದ. ಬುಡದಲ್ಲಿ ನನ್ನ ತೊಡೆಯಷ್ಟು ದಪ್ಪ, ತುದಿಯಲ್ಲಿ ಮುಷ್ಟಿಯಷ್ಟು.

ನಮ್ಮ ಸ್ಟೋರ್‌ಕೀಪರ್ ರಫೀಕ್ ಭಾಯಿ ಚಿತ್ತಗಾಂಗಿನ ಕಡೆಯವರು, ನನಗಿಂತ ಒಂದೆರಡು ವರ್ಷ ದೊಡ್ಡವರು. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

“ಸಾಬ್, ಯೇ ಕ್ಯಾ ಚೀಜ್ ಹೈ?”

“ದುಮ್ ಹೈ, ರಫೀಕ್ ಭಾಯಿ. ಬಾಲ.”

“ಕಿಸ್‌ಕಾ?”

ಯಾರದ್ದು ಎಂದು ಹೇಳಲಿ? ಅವರನ್ನು ಚಹಾಕ್ಕೆ ಕಳಿಸಿ, ಅಲ್ಲೇ ಒಂದು ರಬ್ಬರ್ ರೋಲಿನ ಮೇಲೆ ಕುಕ್ಕರಿಸಿದೆ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತು ಬಳಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೇರವಾಗಿ ಹೇಳುವ ಧೈರ್ಯವಿದ್ದಿದ್ದರೆ ಇಪ್ಪತ್ತೆರಡು ವರ್ಷ ಬೇಕಾಗುತ್ತಿರಲಿಲ್ಲ.

ಬೋನವೆಂಚರ್ ಎಂಬ ಉದ್ದ ಹೆಸರಿನ ಒಬ್ಬ ಗಿಡ್ಡ ಮನುಷ್ಯ ಆಗ ನಮ್ಮ ವರ್ಕ್‌ಶಾಪಿನ ಫೋರ್‌ಮನ್ ಆಗಿದ್ದ. ಎಲ್ಲರ ಬಾಯಲ್ಲಿ ಬೋನ. ಮಂಗಳೂರಿನ ಬಂದರು ಕಡೆಯವನು, ಮನೆಮಾತು ಕೊಂಕಣಿ, ಬೈಯುವುದು ತುಳುವಿನಲ್ಲಿ, ನನ್ನೊಡನೆ ಕನ್ನಡ. ನಾನು ಮೈಸೂರಿನವನಾದ್ದರಿಂದ ನನ್ನನ್ನು ಹೆಸರು ಹಿಡಿದು ಕರೆಯದೆ ‘ಮೈಸೂರು’ ಎಂದೇ ಕರೆಯುತ್ತಿದ್ದ. ಅವನ ಕೈಯಲ್ಲಿ ತಯಾರಾದ, ಎಸಿಯ ಗಾಳಿ ಹರಿಯುವ ತಗಡಿನ ಡಕ್ಟು ಎಂದರೆ ಗಾಳಿ ಒಂದು ಎಳೆಯೂ ಆಚೆ ಹೋಗುತ್ತಿರಲಿಲ್ಲ. ಪ್ರತಿಯೊಂದು ಜೋಡಣೆಗೂ ಅಂಟು, ಅಂಟಿನ ಮೇಲೆ ಟೇಪು, ಟೇಪಿನ ಮೇಲೆ ಅಂಗೈಯಿಂದ ಒಂದು ಉಜ್ಜು. ಲೀಕ್ ಎಂಬ ಮಾತನ್ನು ಅವನೆದುರು ಆಡಿದರೆ ಅವನ ಮನೆತನಕ್ಕೇ ಬೈದಷ್ಟು ಸಿಟ್ಟು ಬರುತ್ತಿತ್ತು.

ನನ್ನ ಕೆಲಸ ಆಫೀಸಿನಲ್ಲಿ. ಒಂದು ಕೋಣೆಗೆ ಎಷ್ಟು ತಂಪು ಬೇಕು ಎಂದು ಲೆಕ್ಕ ಹಾಕುವುದು. ಗೋಡೆಯಿಂದ ಎಷ್ಟು ಶಾಖ ಬರುತ್ತದೆ, ಕಿಟಕಿಯಿಂದ ಎಷ್ಟು, ಒಳಗಿರುವ ಮನುಷ್ಯರ ಮೈಯಿಂದ ಎಷ್ಟು. ಕೂತವನಿಗೆ ಇಷ್ಟು, ನಡೆದಾಡುವವನಿಗೆ ಇಷ್ಟು, ಕುಣಿಯುವವನಿಗೆ ಇಷ್ಟು ಎಂದು ಪುಸ್ತಕದಲ್ಲಿ ಒಂದು ಪಟ್ಟಿಯೇ ಇದೆ. ನನಗದು ಬಾಯಿಪಾಠ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮ ಫ್ಲ್ಯಾಟು ಇಂಡಿಯನ್ ಸ್ಕೂಲಿಗೆ ನಡೆದು ಹೋಗುವಷ್ಟು ಹತ್ತಿರವಿತ್ತು. ಅದರ ಕೆಳಗಿನ ಮಹಡಿಯಲ್ಲಿ ಕಂಪನಿಯ ಬ್ಯಾಚುಲರ್ ಮನೆ. ಬ್ಯಾಚುಲರ್ ಅಂದರೆ ಮದುವೆಯಾಗದವರು ಎಂದು ತಿಳಿಯಬೇಡಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರೂ ಇಲ್ಲಿ ಬ್ಯಾಚುಲರ್‌ಗಳೇ. ಬೋನ ಅಲ್ಲಿದ್ದ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನನ್ನ ಮನೆಯಲ್ಲಿ ನಿದ್ದೆಯ ವಾತಾವರಣ, ಕೆಳಗೆ ಸಿನಿಮಾದ ವಾತಾವರಣ. ನಾನು ಲುಂಗಿಯಲ್ಲೇ ಇಳಿದು ಹೋಗುತ್ತಿದ್ದೆ.

ಸಿನಿಮಾ ಎಂದರೆ ಒಂದೇ ಒಂದು. ಸೈಟಿನಲ್ಲಿದ್ದ ಜಪಾನಿನ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಟಿವಿ, ವಿಸಿಆರ್, ಅನ್ನದ ಕುಕ್ಕರು ಎಲ್ಲವನ್ನೂ ಬೋನನಿಗೆ ಕೊಟ್ಟು ಹೋಗಿದ್ದರು. ವಿಸಿಆರಿನ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ಟು ಉಳಿದುಕೊಂಡಿತ್ತು. ಅವರ ದೇಶದ ಯಾವುದೋ ಹಳೆಯ ಕಪ್ಪು ಬಿಳುಪು ಚಿತ್ರ. ಸಮುದ್ರದಿಂದ ಬೆಟ್ಟದಂಥ ಒಂದು ಮೃಗ ಏಳುತ್ತದೆ, ಊರಿಗೆ ಬರುತ್ತದೆ, ಕರೆಂಟು ಕಂಬ, ರೈಲು, ಸೇತುವೆ ಎಲ್ಲವನ್ನೂ ತುಳಿಯುತ್ತದೆ, ಜನ ಓಡುತ್ತಾರೆ. ಮಾತೆಲ್ಲ ಜಪಾನಿ, ಕೆಳಗೆ ಅಕ್ಷರವೂ ಇಲ್ಲ. ಕ್ಯಾಸೆಟ್ಟಿನ ಮೇಲಿನ ಹೆಸರನ್ನು ಓದಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಆ ಮೃಗಕ್ಕೆ ನಾವೇ ‘ದೊಡ್ಡಣ್ಣ’ ಎಂದು ಹೆಸರಿಟ್ಟೆವು. “ದೊಡ್ಡಣ್ಣ ಬಂದ, ದೊಡ್ಡಣ್ಣ ಬಂದ!” ಎಂದು ಆರೇಳು ಮಂದಿ ಗಂಡಸರು ಚಾಪೆಯ ಮೇಲೆ ಕೂತು ಕೂಗುವುದನ್ನು ನೀವು ಕೇಳಬೇಕಿತ್ತು. ಪ್ರತಿ ವಾರ ಅದೇ ದೊಡ್ಡಣ್ಣ, ಅದೇ ಸೇತುವೆ, ಅದೇ ಕೂಗು.

ಬೋನ ಮಾತ್ರ ಕೂಗುತ್ತಿರಲಿಲ್ಲ. ಅವನು ಟಿವಿಯ ತೀರಾ ಹತ್ತಿರ ಕೂತು, ಮೃಗದ ಕಾಲುಗಳನ್ನೇ ನೋಡುತ್ತಿದ್ದ.

“ನೀವೆಲ್ಲ ಅವನನ್ನು ನೋಡುದು. ನಾನು ಒಳಗಿನವನನ್ನು ನೋಡುದು,” ಎಂದ ಒಂದು ಸಲ.

“ಒಳಗೆ ಯಾರಿದಾನೆ?”

“ಯಾರೋ ಒಬ್ಬ ಇರ್ತಾನಲ್ಲ ಮಾರಾಯ. ಅಷ್ಟು ದಪ್ಪದ ರಬ್ಬರು ಹೊತ್ಕೊಂಡು ಅಷ್ಟು ಲೈಟಿನ ಅಡಿ ನಿಲ್ಲುದು ಅಂದ್ರೆ ಎಂತ ತಮಾಷೆಯಾ? ಈಗ ನೋಡು, ಎಡದ ಕಾಲು ಎತ್ಲಿಕ್ಕೆ ತಡ ಆಯ್ತು. ನೀವು ಅವನಿಗೆ ಕೋಪ ಬಂತು ಅಂತೀರಿ. ಕೋಪ ಅಲ್ಲ ಅದು. ಅವನಿಗೆ ಬಚ್ಚಿದೆ.”

ಬಚ್ಚುವುದು ಎಂದರೆ ಅವರ ಕಡೆ ದಣಿಯುವುದು. ಆ ಪದವನ್ನು ನಾನು ಕಲಿತದ್ದು ಅವನಿಂದ, ಆ ಮಧ್ಯಾಹ್ನ. ಅವನಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಬೋನ ಊರಲ್ಲಿ ಹುಲಿವೇಷದವನು. ಮೈಗೆಲ್ಲ ಬಣ್ಣ ಬಳಿದುಕೊಂಡು ಮುಖವಾಡ ಕಟ್ಟಿ ದಸರಾದ ಬಿಸಿಲಲ್ಲಿ ಬೀದಿ ಬೀದಿ ಕುಣಿದವನು. ಹದಿನಾರನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮಸ್ಕತ್ತಿಗೆ ಬಂದ ಮೇಲೂ ರಜೆಯನ್ನು ದಸರಾಕ್ಕೇ ಹಾಕುತ್ತಿದ್ದ.

“ನೀವು ಕ್ರಿಶ್ಚಿಯನ್ನರು, ಪಾದ್ರಿಗಳು ಬೈಯಲ್ವೇನೋ?” ಎಂದು ಕೇಳಿದ್ದೆ.

“ಬೈಲಿಕ್ಕೆ ಅವರಿಗೆ ಪುರುಸೊತ್ತೆಲ್ಲಿ? ಮುಂದಿನ ಸಾಲಲ್ಲಿ ನಿಂತು ನೋಡ್ತಿದ್ರು.”

ಹೀಗಿರುವಾಗ ನಮ್ಮ ಕನ್ನಡ ಸಂಘದ ಪಿಕ್ನಿಕ್ಕು ಬಂತು. ಜನವರಿಯ ಚಳಿಯಲ್ಲಿ ಆಗಬೇಕಾದದ್ದು ಏನೇನೋ ಕಾರಣಕ್ಕೆ ಮುಂದೆ ಹೋಗಿ ಹೋಗಿ ಏಪ್ರಿಲ್ ಕೊನೆಗೆ ಬಂದು ನಿಂತಿತು. ಸುವೈಕಿನ ಹತ್ತಿರ ನಮಗೆ ವೀಸಾ ಕೊಟ್ಟ ಕಫೀಲ್‌ನ ತಮ್ಮನ ಖರ್ಜೂರದ ತೋಟ. ಮಕ್ಕಳಿಗೆ ಏನಾದರೂ ಹೊಸದು ಮಾಡಬೇಕು, ಪ್ರತಿ ವರ್ಷ ನಿಂಬೆಹಣ್ಣು ಚಮಚ ಸಾಕಾಯಿತು ಎಂದು ಸಂಘದ ಅಧ್ಯಕ್ಷರು ಹೇಳಿದರು. ನಾನು ಎದ್ದು ನಿಂತು, ದೊಡ್ಡಣ್ಣನನ್ನು ತರೋಣ ಎಂದೆ. ಇಂಥ ಉತ್ಸಾಹ ನನಗೆ ಜೀವನದಲ್ಲಿ ಒಂದೆರಡು ಸಲ ಬಂದಿದೆ. ಬಂದಾಗಲೆಲ್ಲ ಬೇರೆ ಯಾರಾದರೂ ಅನುಭವಿಸಿದ್ದಾರೆ.

ಮೃಗ ತುಳಿಯಲು ಒಂದು ಊರು ಬೇಕಲ್ಲ? ಮಸ್ಕತ್ತನ್ನು ಕಟ್ಟೋಣವೆಂದರೆ ಅಧ್ಯಕ್ಷರು ಕೈ ಮುಗಿದರು. “ಅನ್ನ ಕೊಟ್ಟ ಊರು, ಆಟಕ್ಕೂ ಬೇಡ. ನಮ್ಮೂರನ್ನೇ ತುಳೀರಿ, ಯಾರೂ ಕೇಳೋದಿಲ್ಲ.” ಹಾಗಾಗಿ ಎಸಿ ಯಂತ್ರ ಬಂದ ರಟ್ಟಿನ ಪೆಟ್ಟಿಗೆಗಳಿಂದ ಮಂಗಳೂರು ತಯಾರಾಯಿತು. ಹಂಪನಕಟ್ಟೆ, ಗಡಿಯಾರದ ಗೋಪುರ, ಬಂದರಿನ ದೋಣಿಗಳು, ಕೊನೆಗೆ ಥರ್ಮಾಕೋಲಿನ ನೇತ್ರಾವತಿ ಸೇತುವೆ. ಕೆಲಸ ಮುಗಿದ ಮೇಲೆ ವರ್ಕ್‌ಶಾಪಿನ ಗಂಡಸರೆಲ್ಲ ಉಳಿದು ಕಟ್ಟಿದರು. ಯಾರೋ ತನ್ನ ಮನೆಯ ಗಲ್ಲಿಯನ್ನೂ ಬರೆದ. ಇನ್ನೊಬ್ಬ ಅಲ್ಲೊಂದು ಮೀನಿನಂಗಡಿ ಇಟ್ಟ. ಎರಡು ವರ್ಷದಿಂದ ಊರಿಗೆ ಹೋಗದವನೊಬ್ಬ ಬಸ್‌ಸ್ಟ್ಯಾಂಡಿನ ಮುಂದೆ ಕೂತವನು ಏಳಲೇ ಇಲ್ಲ.

ಮೃಗ ಯಾರೆಂಬುದರಲ್ಲಿ ಚರ್ಚೆಯೇ ಇರಲಿಲ್ಲ. “ನಾನು ಆಗ್ತೇನೆ,” ಎಂದ ಬೋನ. ವೇಷದ ಡ್ರಾಯಿಂಗು ನಾನು ಮಾಡಿದೆ. ಎದುರಿನ ನೋಟ, ಪಕ್ಕದ ನೋಟ, ಬಾಲದ ಅಡ್ಡಕೊಯ್ತ. ಅಭ್ಯಾಸಬಲದಿಂದ ಮೂಲೆಯಲ್ಲಿ ‘ಅಪ್ರೂವ್ಡ್’ ಎಂದು ಮುದ್ರೆಯನ್ನೂ ಒತ್ತಿದೆ. ಚರ್ಮಕ್ಕೆ ಏನು? ಸ್ಟೋರಿನ ತುಂಬ ನಮ್ಮ ಕಪ್ಪು ರಬ್ಬರ್ ಹಾಳೆ. ಮೃಗದ ಚರ್ಮಕ್ಕೆ ಅದಕ್ಕಿಂತ ಹೇಳಿ ಮಾಡಿಸಿದ್ದು ಬೇರೆ ಯಾವುದಿದೆ? ಎರಡು ಪದರ ಹಾಕಿದೆವು. ಬೆನ್ನಿಗೆ ಜಿಪ್ಪು ಇಡೋಣ ಎಂದು ನಾನು ಅಂದಾಗ ಬೋನ ತಲೆಯಾಡಿಸಿದ.

“ಜಿಪ್ಪು ಹಾಕಿದ್ರೆ ಲೀಕ್ ಆಗ್ತದೆ.”

ಏನು ಲೀಕ್ ಆಗುತ್ತದೆ ಎಂದು ಅವನೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಮೈಯೊಳಗೆ ಹೊಕ್ಕ ಮೇಲೆ ಬೆನ್ನಿನ ಸೀಳಿಗೆ ಅಂಟು ಹಾಕಿ ಟೇಪು ಹೊಡೆಯುವುದೆಂದು ತೀರ್ಮಾನವಾಯಿತು. ಹೌದು, ನಿಮಗೆ ಈಗಾಗಲೇ ಹೊಳೆದಿದೆ. ಓದುತ್ತಿರುವ ನಿಮಗೆ ಹೊಳೆದದ್ದು, ಹನ್ನೆರಡು ಮಂದಿ ಎಸಿ ಕೆಲಸದವರಿಗೆ ಹೊಳೆಯಲಿಲ್ಲ. ಶಾಖ ಆಚೆಯಿಂದ ಈಚೆ, ಈಚೆಯಿಂದ ಆಚೆ ದಾಟಬಾರದು ಎಂದೇ ಇರುವ ವಸ್ತು ಅದು. ಅದರ ಆ ಗುಣವನ್ನೇ ಮಾರಿ ನಾವು ಬದುಕುತ್ತಿದ್ದೆವು. ಅದರೊಳಗೆ ಒಬ್ಬ ಮನುಷ್ಯನನ್ನು ಇಟ್ಟು, ಒಂದು ಸಂದಿಯೂ ಬಿಡದಂತೆ ಮುಚ್ಚಿದೆವು. ಕುಣಿಯುವವನ ಮೈಯಿಂದ ಎಷ್ಟು ಶಾಖ ಹೊರಡುತ್ತದೆ ಎಂದು ಬಾಯಿಪಾಠವಿದ್ದವನು ನಾನು. ಇದು ಮರೆವೋ, ಮೂರ್ಖತನವೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ಕುತ್ತಿಗೆಯ ಬಳಿ ಎರಡು ಸಣ್ಣ ತೂತು ಮಾತ್ರ ಇಟ್ಟೆ, ಕಣ್ಣಿಗೆ. ಬಾಲದೊಳಗೆ ತಗಡಿನ ಕೊಳವೆ, ತುದಿಯಲ್ಲಿ ಮರಳಿನ ಚೀಲ, ಒಳಗಿನಿಂದ ಒಂದು ಹಗ್ಗ. ಆ ಹಗ್ಗ ಎಳೆದರೆ ಬಾಲ ಮೇಲೆದ್ದು ನೆಲಕ್ಕೆ ಧಪ್ ಎಂದು ಬೀಳುತ್ತಿತ್ತು. ವರ್ಕ್‌ಶಾಪಿನಲ್ಲಿ ಕೊನೆಯ ಸಲ ನೋಡಿಕೊಳ್ಳುವಾಗ ಬೋನ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದ.

“ಮೈಸೂರು, ಒಳಗಿಂದ ಕೂಗಿದ್ರೆ ಕೇಳುದಿಲ್ಲ. ನಮ್ಮ ಹುಲಿ ತಂಡದಲ್ಲಿ ಒಂದು ಕ್ರಮ ಉಂಟು. ಹುಲಿಗೆ ಆಗುದಿಲ್ಲ ಅಂತಾದ್ರೆ ಬಾಲವನ್ನು ಮೂರು ಸಲ ನೆಲಕ್ಕೆ ಬಡೀತದೆ. ತಾಸೆಯವ ವಾದ್ಯ ಬಡಿಯುದನ್ನು ಅಲ್ಲಿಗೇ ನಿಲ್ಲಿಸ್ತಾನೆ. ನೀನು ಮೈಕ್ ಹಿಡಿಯುವವ ಅಲ್ವಾ, ನೀನೇ ನನ್ನ ತಾಸೆಯವ. ಮೂರು ಸಲ. ನೆನಪಿಡು.”

“ಆಯ್ತು ಕಣೋ,” ಎಂದೆ. ಬೇರೆಯವರಿಗೆ ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ. ಸುವೈಕಿನ ಕಡಲ ಕಡೆಯಿಂದ ತೇವದ ಗಾಳಿ, ಅಂಗಿ ಬೆನ್ನಿಗೆ ಅಂಟುತ್ತಿತ್ತು. ಮರಳಿನ ಮೇಲೆ ರಟ್ಟಿನ ಮಂಗಳೂರು. ಸುತ್ತ ನಲವತ್ತು ಐವತ್ತು ಮಕ್ಕಳು, ಅವರ ಹಿಂದೆ ಬಿರಿಯಾನಿ ಉಂಡು ಕಣ್ಣು ಎಳೆಯುತ್ತಿದ್ದ ಹಿರಿಯರು. ಪಂಪುಮನೆಯ ಹಿಂದಿನಿಂದ ದೊಡ್ಡಣ್ಣ ಎದ್ದು ಬಂದ. ಅಬ್ಬಾ, ಆ ನಡೆ! ಜಪಾನಿನ ಮೃಗ ಹಾಗೆ ನಡೆಯುವುದಿಲ್ಲ, ಅದು ಹುಲಿಯ ನಡೆ. ಒಂದು ಹೆಜ್ಜೆ ಇಟ್ಟು, ಸೊಂಟ ತಗ್ಗಿಸಿ, ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಚಿಕ್ಕ ಮಕ್ಕಳು ಅತ್ತವು, ದೊಡ್ಡವು ಕುಣಿದವು. ಗಡಿಯಾರದ ಗೋಪುರ ಹೋಯಿತು. ಬಸ್‌ಸ್ಟ್ಯಾಂಡು ಹೋಯಿತು. ಊರಿಗಾಗಿ ಹಂಬಲಿಸುತ್ತಿದ್ದ ಗಂಡಸರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ನಾನು ಮೈಕಿನಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನನ್ನ ಮಾತಿಗೂ ಜನ ನಗುತ್ತಿದ್ದರು. ಜನ ನಕ್ಕರೆ ನನ್ನಂಥವನಿಗೆ ತಲೆ ನಿಲ್ಲುವುದಿಲ್ಲ.

ಸೇತುವೆಯೊಂದೇ ಉಳಿದಿತ್ತು. ಆಗ ಬಾಲ ಮೇಲೆದ್ದಿತು. ಧಪ್. ಧಪ್. ಧಪ್.

ನಾನು ನೋಡಿದೆ. ಇದನ್ನು ಸುತ್ತು ಬಳಸದೆ ಹೇಳಬೇಕು. ನೋಡಿದೆ, ಎಣಿಸಿದೆ, ಮೂರು ಎಂದು ಗೊತ್ತಾಯಿತು. ಆದರೆ ಆ ಸದ್ದಿಗೆ ಮಕ್ಕಳು ಹೋ ಎಂದು ಕಿರುಚಿದರು, ಇಡೀ ಮಧ್ಯಾಹ್ನದಲ್ಲಿ ಅಂಥ ಕೂಗು ಎದ್ದಿರಲಿಲ್ಲ. ಇನ್ನೊಂದೇ ನಿಮಿಷ, ಸೇತುವೆ ಒಂದು ಆಗಿಬಿಡಲಿ ಅಂದುಕೊಂಡೆ. “ನೋಡಿ ಮಕ್ಕಳೇ, ದೊಡ್ಡಣ್ಣನಿಗೆ ಕೋಪ ಬಂದಿದೆ!” ಎಂದೆ ಮೈಕಿನಲ್ಲಿ. ಬಾಲ ಮತ್ತೆ ಬಡಿಯಿತು. ಮಕ್ಕಳು ಆ ತಾಳಕ್ಕೇ ಚಪ್ಪಾಳೆ ಹಾಕಿದರು.

ನನ್ನ ಮಗಳಿಗಾಗ ಏಳು ವರ್ಷ. ಅವಳು ಬಂದು ನನ್ನ ಪ್ಯಾಂಟು ಜಗ್ಗಿದಳು. “ಅಪ್ಪಾ, ದಟ್ ಅಂಕಲ್ ಈಸ್ ಟಯರ್ಡ್. ಸ್ಟಾಪ್ ಇಟ್.” ನಾನು ಅವಳ ತಲೆ ಸವರಿ ಪಕ್ಕಕ್ಕೆ ಸರಿಸಿದೆ.

ದೊಡ್ಡಣ್ಣ ಸೇತುವೆಯ ಮೇಲೆ ಅಡ್ಡ ಬಿದ್ದ. ಏನು ಬಿದ್ದದ್ದು ಅದು! ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಮೈಕನ್ನು ಕಂಕುಳಲ್ಲಿಟ್ಟುಕೊಂಡು ಹೊಡೆದೆ. ಅವನು ಏಳಲಿಲ್ಲ. ಆಮೇಲೆ ಓಡಿದೆವು. ಬೆನ್ನಿನ ಟೇಪು ಕಿತ್ತು ಬರಲಿಲ್ಲ, ಬೋನನೇ ಅಂಗೈಯಿಂದ ಉಜ್ಜಲು ಕಲಿಸಿದ ಟೇಪು ಅದು. ಹಣ್ಣು ಹೆಚ್ಚುವ ಚಾಕು ತಂದು ಸೀಳಿದರು. ಒಳಗಿನಿಂದ ಬಂದ ಕಾವು ನನ್ನ ಮುಖಕ್ಕೆ ಬಡಿಯಿತು. ಅವನ ಮೈ ಒಣಗಿತ್ತು, ಬೆವರಿನ ಒಂದು ಹನಿಯೂ ಇರಲಿಲ್ಲ. ಬಲಗೈಯಲ್ಲಿ ಹಗ್ಗ ಸುತ್ತಿಕೊಂಡೇ ಇತ್ತು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಇನ್ನು ಬಿಸಿಲಲ್ಲಿ ಕೆಲಸ ಕೂಡದು ಎಂದರು. ಬಿಸಿಲಿಲ್ಲದ ಕೆಲಸ ಫೋರ್‌ಮನ್ನಿಗೆ ಇಲ್ಲಿ ಎಲ್ಲಿದೆ? ಎರಡು ತಿಂಗಳಲ್ಲಿ ವೀಸಾ ರದ್ದಾಗಿ ಊರಿಗೆ ಹೋದ. ಹುಲಿವೇಷವನ್ನು ಅವನು ಮತ್ತೆ ಹಾಕಲಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗಲೇ ಸಂಘದ ಕಮಿಟಿ ಕೂತಿತು. ಅಧ್ಯಕ್ಷರು ನನ್ನನ್ನು ಕೇಳಿದರು, “ಒಳಗಿಂದ ಕರೀಲಿಕ್ಕೆ ಏನಾದ್ರೂ ಸಿಗ್ನಲ್ ಇಟ್ಕೊಂಡಿದ್ರಾ?”

“ಇಲ್ಲ ಸರ್. ಅದು ನಮಗೆ ಹೊಳೀಲೇ ಇಲ್ಲ,” ಎಂದೆ.

ಆಮೇಲೆ ಅವರು ಬೋನನನ್ನೂ ಕೇಳಿದರು. ನಾನು ಅವನ ಮಂಚದ ಪಕ್ಕದಲ್ಲೇ ನಿಂತಿದ್ದೆ. “ಎಂತ ಸಿಗ್ನಲ್ಲೂ ಇರ್ಲಿಲ್ಲ. ನಾನೇ ಬೆಳಿಗ್ಗೆಯಿಂದ ನೀರು ಸರಿಯಾಗಿ ಕುಡೀಲಿಲ್ಲ, ನನ್ನದೇ ತಪ್ಪು,” ಎಂದ. ನನ್ನ ಕಡೆ ನೋಡಲಿಲ್ಲ. ಇಂಥ ಶಾಖದ ಪೆಟ್ಟಿನಲ್ಲಿ ಕೊನೆಯ ಕೆಲವು ನಿಮಿಷ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ ಎಂದು ಡಾಕ್ಟರು ಹೊರಗೆ ಹೇಳಿದ್ದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬೋನನಿಗೆ ನೆನಪಿಲ್ಲ. ಇಪ್ಪತ್ತೆರಡು ವರ್ಷ ನಾನು ಉಂಡದ್ದು, ಮಲಗಿದ್ದು ಆ ಒಂದು ಮಾತಿನ ಮೇಲೆ. ಸೀಳಿದ ವೇಷವನ್ನು ತೋಟದಲ್ಲೇ ಕಸಕ್ಕೆ ಹಾಕಿದರು. ಬಾಲವನ್ನು ಮಾತ್ರ ನಾನು ಪಿಕಪ್ಪಿನಲ್ಲಿ ತಂದು ರ‍್ಯಾಕಿನ ಹಿಂದೆ ತುರುಕಿದೆ. ಹಗ್ಗ ಅದರಲ್ಲಿತ್ತಲ್ಲ, ಯಾರಾದರೂ ನೋಡಿ ಇದೇಕೆ ಎಂದು ಕೇಳಿದರೆ ಎಂಬ ಹೆದರಿಕೆ.

ನಮ್ಮ ನಡುವೆ ಸಂಬಂಧ ಕಡಿಯಲಿಲ್ಲ. ಅದೇ ಕಷ್ಟವಾದದ್ದು. ಕ್ರಿಸ್‌ಮಸ್ಸಿಗೆ ನಾನು ಫೋನ್ ಮಾಡುತ್ತೇನೆ, ದೀಪಾವಳಿಗೆ ಅವನು. ಮಗಳ ಫೋಟೋ ಕಳಿಸಿದರೆ, “ದೊಡ್ಡವಳಾದಳಲ್ಲ ಮಾರಾಯ” ಎಂದು ಬರೆಯುತ್ತಾನೆ. ಮನೆಯ ಜಗಲಿಯಲ್ಲಿ ಕೂತು ಫ್ರಿಜ್ಜು ರಿಪೇರಿ ಮಾಡುತ್ತಾನಂತೆ, ದಸರಾ ಬಂದರೆ ಬೇರೆಯವರ ಮೈಗೆ ಹುಲಿಯ ಪಟ್ಟೆ ಬರೆಯುತ್ತಾನಂತೆ. ಈಗ ಆ ಬಗೆಯ ಹಳೆಯ ಜಪಾನೀ ಚಿತ್ರಗಳು ಫೋನಿನಲ್ಲೇ ಸಿಗುತ್ತವೆ, ಕೆಳಗೆ ಇಂಗ್ಲಿಷ್ ಅಕ್ಷರವೂ ಬರುತ್ತದೆ. ಮೊನ್ನೆ ಒಂದನ್ನು ಹಾಕಿಕೊಂಡು ಕೂತೆ. ನಮ್ಮ ದೊಡ್ಡಣ್ಣನೇ ಹೌದೋ ಅಲ್ಲವೋ ಗೊತ್ತಿಲ್ಲ. ಮನುಷ್ಯರು ಏನು ಮಾತಾಡುತ್ತಾರೆಂದು ಈಗ ಓದಬಹುದಿತ್ತು, ಓದಲಿಲ್ಲ. ಮೃಗದ ಕಾಲುಗಳನ್ನೇ ನೋಡುತ್ತಿದ್ದೆ. ಎಡದ ಕಾಲು ತಡವಾದಾಗ ನಿಲ್ಲಿಸಿಬಿಟ್ಟೆ.

ಇದೆಲ್ಲ ರಬ್ಬರ್ ರೋಲಿನ ಮೇಲೆ ಕೂತು ನೆನೆಯುತ್ತಿದ್ದೆ. ಪ್ಲಾಸ್ಟಿಕ್ಕು ಬಿಚ್ಚಿದೆ. ರಬ್ಬರು ಅಲ್ಲಲ್ಲಿ ಪುಡಿಯಾಗಿ ಕೈಗೆ ಕಪ್ಪು ಹತ್ತಿತು. ಹಗ್ಗ ಹಾಗೇ ಇತ್ತು. ಏಕೆಂದು ತಿಳಿಯದು, ಬಾಲವನ್ನು ಎರಡೂ ಕೈಯಲ್ಲಿ ಎತ್ತಿ ಸಿಮೆಂಟು ನೆಲಕ್ಕೆ ಬಡಿದೆ. ಧಪ್. ಧಪ್. ಧಪ್.

ರಫೀಕ್ ಭಾಯಿ ಓಡಿ ಬಂದರು. ಚಹಾದ ಲೋಟ ಕೈಯಲ್ಲೇ ಇತ್ತು, ಅರ್ಧ ಅವರ ಅಂಗಿಯ ಮೇಲೆ ಚೆಲ್ಲಿತ್ತು. ಮಂಡಿನೋವಿನ ಮನುಷ್ಯ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಕ್ಯಾ ಹುವಾ ಸಾಬ್? ಗಿರ್ ಗಯೇ ಕ್ಯಾ? ಆಪ್ ಠೀಕ್ ತೋ ಹೈ?”

ಏನೂ ಇಲ್ಲ, ಬಿದ್ದಿಲ್ಲ ಎಂದೆ. ಈ ಮನುಷ್ಯನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಮೂರು ಸದ್ದು ಕೇಳಿತು, ಬಂದರು. ನನಗೆ ಅಳು ಬಂತು. ಅವರು ಅದನ್ನು ವೀಸಾ ಮುಗಿಯುವ ದುಃಖವೆಂದು ತಿಳಿದು, “ಹೋತಾ ಹೈ ಸಾಬ್, ಹೋತಾ ಹೈ” ಎನ್ನುತ್ತಾ ಬೆನ್ನು ತಟ್ಟಿ ಉಳಿದ ಚಹಾ ನನಗೇ ಕೊಟ್ಟರು.

ಬಾಲದ ಫೋಟೋ ತೆಗೆದು ಬೋನನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ನೋಡಿದ್ದಾನೆ. ಉತ್ತರವಿಲ್ಲ. ಹತ್ತು ನಿಮಿಷ ಕಾದು ನಾನೇ ಫೋನ್ ಮಾಡಿದೆ. ಅಲ್ಲಿ ಊಟದ ಹೊತ್ತು, ತಟ್ಟೆಯ ಸದ್ದು ಕೇಳುತ್ತಿತ್ತು.

“ಇನ್ನೂ ಉಂಟಾ ಅದು?” ಎಂದ, ಹಲೋ ಎನ್ನದೆ.

“ಸ್ಟೋರಲ್ಲಿತ್ತು. ನಾನೇ ಅಡಗಿಸಿಟ್ಟಿದ್ದೆ. ಬೋನ, ಕೇಳು. ನೀನು ಮೂರು ಸಲ ಬಡಿದಿದ್ದು ನಾನು ನೋಡಿದ್ದೆ ಕಣೋ. ನೋಡಿಯೂ ನಿಲ್ಲಿಸಲಿಲ್ಲ. ಆಮೇಲೆ ಸಿಗ್ನಲ್ಲೇ ಇರಲಿಲ್ಲ ಅಂತ ಕಮಿಟಿಗೆ ಸುಳ್ಳು ಹೇಳ್ದೆ.”

ತಟ್ಟೆಯ ಸದ್ದು ನಿಂತಿತು.

“ಗೊತ್ತುಂಟು,” ಎಂದ.

“ನಿನಗೆ ನೆನಪಿರಲ್ಲ ಅಂದಿದ್ರು ಡಾಕ್ಟ್ರು.”

“ಡಾಕ್ಟ್ರು ಎಂತ ಒ‍ಳಗಿದ್ರಾ? ಕುತ್ತಿಗೆ ಹತ್ರ ಎರಡು ತೂತು ಇಟ್ಟದ್ದು ನೀನೇ ಅಲ್ವಾ ಮೈಸೂರು? ಅಷ್ಟು ಸಣ್ಣ ತೂತಲ್ಲಿ ಏನು ಕಾಣ್ತದೆ? ಮಕ್ಕಳು ಕಾಣುದಿಲ್ಲ, ಸೇತುವೆ ಕಾಣುದಿಲ್ಲ. ಕೊನೆಗೆ ನನಗೆ ಕಾಣ್ತಾ ಇದ್ದದ್ದು ನೀನೊಬ್ಬನೇ. ನೀನು ಬಾಲ ನೋಡಿದ್ದೂ ಕಂಡಿತು. ಆಮೇಲೆ ಆ ಕಡೆ ತಿರುಗಿ ನಗಾಡಿದ್ದೂ ಕಂಡಿತು.”

ಬಾಲದಿಂದ ಇಣುಕುತ್ತಿದ್ದ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

“ಮತ್ತೆ ಯಾಕೋ ಹೇಳಲಿಲ್ಲ?”

“ಹೇಳಿದ್ರೆ ನಿನ್ನ ಕೆಲಸವೂ ಹೋಗ್ತಿತ್ತು. ಹೆಂಡ್ತಿ, ಸಣ್ಣ ಮಗು. ನನ್ನದು ಹೇಗೂ ಹೋಗಿತ್ತಲ್ಲ.” ಆಮೇಲೆ ಹೇಳಿದ, “ನೀನೇ ಹೇಳ್ತಿ ಅಂತ ಇದ್ದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಪ್ರತಿ ಕ್ರಿಸ್‌ಮಸ್ಸಿಗೆ ನಿನ್ನ ಫೋನು ಬರುವಾಗ ಈ ಸಲ ಹೇಳ್ತಾನೆ ಅಂತ. ಕೋಪ ಇತ್ತು, ಸುಳ್ಳು ಹೇಳುದಿಲ್ಲ. ದಸರಾ ಬಂದಾಗ ತುಂಬ ಇತ್ತು. ಈಗ ಕೋಪ ಮಾಡ್ಲಿಕ್ಕೂ ಬಚ್ತದೆ.”

“ತಪ್ಪಾಯ್ತು ಬೋನ.”

“ಹ್ಞೂಂ.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ನೀರು ಕುಡಿದ ಸದ್ದು ಕೇಳಿತು, ನಾನು ಆರಿದ ಚಹಾ ಕುಡಿದೆ. ಬಹಳ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಕಡೆ ಕೂತ ಹಾಗಿತ್ತು.

“ಆ ಬಾಲ ಎಂತ ಮಾಡ್ತಿ ಈಗ?”

“ಕಸದ ಲಾರಿ ಮಧ್ಯಾಹ್ನ ಬರುತ್ತೆ.”

“ಬಿಸಾಡ್ಬೇಡ. ಬರುವಾಗ ತಾ. ನನ್ನದಲ್ವಾ ಅದು?” ಎಂದು ಫೋನಿಟ್ಟ. ಅನ್ನ ಆರುತ್ತಿತ್ತು ಅಂತ ಕಾಣುತ್ತದೆ.

ಆರಡಿಯ ಬಾಲವನ್ನು ವಿಮಾನಕ್ಕೆ ಹೇಗೆ ಹತ್ತಿಸುವುದೆಂದು ನನಗೆ ಗೊತ್ತಿಲ್ಲ. ಅದನ್ನು ಆಮೇಲೆ ಯೋಚಿಸುತ್ತೇನೆ. ರಫೀಕ್ ಭಾಯಿ ಒಂದು ತುದಿ ಹಿಡಿದರು, ನಾನು ಒಂದು ತುದಿ. ಅಂಗಳದ ಬಿಸಿಲಿನಲ್ಲಿ ನಾಲ್ಕು ಕಡೆ ನಿಂತು, ಉಸಿರು ತೆಗೆದುಕೊಂಡು, ಕಾರಿನ ತನಕ ಒಯ್ದೆವು. ಹಿಂದಿನ ಸೀಟಿನಲ್ಲಿ ಹಿಡಿಸಲಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ನನ್ನ ಪಕ್ಕಕ್ಕೆ ಮಲಗಿಸಿದೆ. ಕಾರು ಹೊರಟಿದ್ದೇ ಬೆಲ್ಟು ಹಾಕಿಲ್ಲವೆಂದು ಕಿರ್ರೋ ಎಂದಿತು. ನಿಲ್ಲಿಸಿ, ಅದಕ್ಕೆ ಬೆಲ್ಟು ಹಾಕಿದೆ.

ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದ ಕಾರು, ಸೀಟು ಸುಡುತ್ತಿತ್ತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪಕ್ಕಕ್ಕೆ ತಿರುಗಿ ನೋಡಿದೆ. ಆಮೇಲೆ ಕೈ ಚಾಚಿ, ನನ್ನ ಮುಖಕ್ಕಿದ್ದ ಎಸಿಯ ಕಿಂಡಿಗಳನ್ನು ಒಂದೊಂದಾಗಿ ಅದರ ಕಡೆಗೆ ತಿರುಗಿಸಿದೆ.